ಅಲನ್ ಪೆಟರ್ಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಗ್ಗೆ ಮಾತು ಬಂದಾಗಲೆಲ್ಲ ನಾನು ಈ ಹೆಸರನ್ನು ತೆಗೆಯುತ್ತೇನೆ. ಆಗ ಸ್ನೇಹಿತರು ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಈ ಸಂಗೀತದ ಹಿನ್ನೆಲೆ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಬರೆದಿದ್ದೇನೆ.

ಯಾರು ಈ ಅಲನ್ ಪೆಟರ್ಸನ್?

ಸ್ವೀಡನ್ ದೇಶದ ಸಂಗೀತ ರಚನಕಾರ. ಹುಟ್ಟಿದ್ದು 1911ರ ಸೆಪ್ಟೆಂಬರ್ 19ರಂದು, ಉಪ್‌ಲ್ಯಾಂಡ್ ಪ್ರಾಂತ್ಯದ ವೆಸ್ಟ್ರಾ ರೀಡ್‌ನಲ್ಲಿ. ಬೆಳೆದಿದ್ದು, ಬದುಕಿದ್ದು, ಸತ್ತಿದ್ದು ಎಲ್ಲ ಸ್ಟಾಕ್‌ಹೋಮ್‌ನಲ್ಲಿ. ತೀರಿಕೊಂಡಿದ್ದು 1980ರ ಜೂನ್ 20ರಂದು, 68ನೇ ವಯಸ್ಸಿನಲ್ಲಿ. ಅವರು ಬರೆದದ್ದರಲ್ಲಿ ದೊಡ್ಡ ಪಾಲು ಸಿಂಫನಿಗಳು, ಅಂದರೆ ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿಗಳು. ಅಂಥವು ಪೂರ್ತಿಯಾಗಿ ಮುಗಿಸಿದ್ದೇ ಹದಿನೈದು. ಜೊತೆಗೆ ಒಂದು ಪುಟ್ಟ ಹಾಡುಗಳ ಗುಚ್ಛ ಇದೆ. ಅದರ ಹೆಸರು ‘ಬರಿಗಾಲ ಹಾಡುಗಳು’. ನನ್ನ ಮಟ್ಟಿಗೆ ಆ ಹಾಡುಗಳೇ ಈ ಮನುಷ್ಯನ ಮನೆಯ ಬೀಗದ ಕೈ. ಮುಂದೆ ಅದರ ಮಾತು ಮತ್ತೆ ಮತ್ತೆ ಬರುತ್ತದೆ.

ಪೀಟರ್ಸನ್-ಬೆರ್ಯರ್ ಅಂತ ಒಬ್ಬರಿದ್ದಾರಲ್ಲ, ಅವರೇನಾ?

ಅಲ್ಲ. ವಿಲ್ಹೆಲ್ಮ್ ಪೀಟರ್ಸನ್-ಬೆರ್ಯರ್ ಇನ್ನೊಬ್ಬ ಸ್ವೀಡಿಷ್ ರಚನಕಾರ, ಒಂದು ತಲೆಮಾರು ಹಿಂದಿನವರು. ಅವರದು ಬೇರೆಯೇ ಲೋಕ.

ಬಾಲ್ಯ ಹೇಗಿತ್ತು?

ಬಹಳ ಕಷ್ಟದ ಬಾಲ್ಯ. ಸ್ಟಾಕ್‌ಹೋಮ್‌ನ ದಕ್ಷಿಣಕ್ಕೆ ಸೋದರ್‌ಮಾಲ್ಮ್ ಅನ್ನೋ ದ್ವೀಪ ಇದೆ. ಈಗ ಅಲ್ಲಿ ಕಾಫಿ ಅಂಗಡಿಗಳು, ದುಬಾರಿ ಫ್ಲಾಟುಗಳು. ಆ ಕಾಲಕ್ಕೆ ಅದು ಕೂಲಿಕಾರರು, ಬಡವರು ಕಿಕ್ಕಿರಿದು ಬದುಕುತ್ತಿದ್ದ ಜಾಗ. ನಾಲ್ಕು ಮಕ್ಕಳಲ್ಲಿ ಅಲನ್ ಕೊನೆಯವರು. ಮನೆ ಅಂದರೆ ನೆಲಮಾಳಿಗೆಯ ಕೋಣೆ, ಕಿಟಕಿಗೆ ಕಬ್ಬಿಣದ ಸರಳು. ತಂದೆ ಕಮ್ಮಾರ. ಕುಡಿತ ಜಾಸ್ತಿ, ಕೈ ಮಾಡುವುದೂ ಜಾಸ್ತಿ. ತಾಯಿ ಹೊಲಿಗೆ ಮಾಡುತ್ತಿದ್ದರು, ತುಂಬಾ ದೈವಭಕ್ತೆ. ಸಾಲ್ವೇಷನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯ ಪ್ರಾರ್ಥನೆ ಹಾಡುಗಳನ್ನು ಹಾಡುತ್ತಿದ್ದರು. ಹೊಡೆತ, ಬೈಗುಳಗಳ ನಡುವೆ ಆ ತಾಯಿಯ ಹಾಡು. ಪೆಟರ್ಸನ್‌ರ ಸಂಗೀತ ಕೇಳುವಾಗ ಈ ಎರಡು ಶಬ್ದಗಳನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ.

ಅಂಥ ಮನೆಯಲ್ಲಿ ಸಂಗೀತ ಎಲ್ಲಿಂದ ಬಂತು?

ಕ್ರಿಸ್‌ಮಸ್ ಕಾರ್ಡುಗಳಿಂದ! ಹುಡುಗ ಕ್ರಿಸ್‌ಮಸ್ ಕಾರ್ಡು ಮಾರಿ ಕಾಸು ಕೂಡಿಸಿದ. ಆ ಕಾಸಿನಲ್ಲಿ ಒಂದು ಅಗ್ಗದ ಪಿಟೀಲು ಕೊಂಡ. ಮನೆಯಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಪಿಟೀಲು ಹಿಡಿದರೆ ಬೈಗುಳ, ಪೆಟ್ಟು. ಆದರೂ ಬಿಡಲಿಲ್ಲ. ಗಂಟೆಗಟ್ಟಲೆ ತಾನೇ ಅಭ್ಯಾಸ ಮಾಡಿ ಕಲಿತ. 1930ರಲ್ಲಿ ಸ್ಟಾಕ್‌ಹೋಮ್‌ನ ಕನ್ಸರ್ವೇಟರಿಗೆ, ಅಂದರೆ ಸಂಗೀತ ಶಾಲೆಗೆ, ಪ್ರವೇಶ ಸಿಕ್ಕಿತು. ಅಲ್ಲಿ ಪಿಟೀಲಿನ ಜೊತೆಗೆ ವಯೋಲಾ ಕೂಡ ಕಲಿತರು. ಕೌಂಟರ್‌ಪಾಯಿಂಟ್ ಕೂಡ ಅಭ್ಯಾಸ ಮಾಡಿದರು. ಕೌಂಟರ್‌ಪಾಯಿಂಟ್ ಅಂದರೆ ಹಲವು ರಾಗದ ಎಳೆಗಳನ್ನು ಒಂದರ ಜೊತೆ ಒಂದು ಹೆಣೆಯುವ ವಿದ್ಯೆ.

ವಯೋಲಾ ಗೊತ್ತಿಲ್ಲದವರಿಗೆ ಒಂದು ಮಾತು. ನೋಡೋಕೆ ಪಿಟೀಲಿನ ಹಾಗೇ ಇರುತ್ತದೆ, ಸ್ವಲ್ಪ ದೊಡ್ಡದು. ದನಿ ಅದಕ್ಕಿಂತ ಕೆಳಗಿನದು, ಸ್ವಲ್ಪ ಮಂಕು, ಸ್ವಲ್ಪ ಬೆಚ್ಚಗೆ. ಆರ್ಕೆಸ್ಟ್ರಾದ ಮಧ್ಯದಲ್ಲಿ ಕೂತು ಎಲ್ಲವನ್ನೂ ಕೂಡಿಸುವ ವಾದ್ಯ. ಮುಖ್ಯ ರಾಗ ಅದಕ್ಕೆ ಸಿಗುವುದು ಅಪರೂಪ.

ವಯೋಲಾ ವಾದಕ ರಚನಕಾರ ಆಗಿದ್ದು ಹೇಗೆ?

1939ರಲ್ಲಿ ಜೆನ್ನಿ ಲಿಂಡ್ ಹೆಸರಿನ ವಿದ್ಯಾರ್ಥಿವೇತನ ಸಿಕ್ಕಿತು. ಪ್ಯಾರಿಸ್‌ಗೆ ಹೋಗಿ ಮೋರಿಸ್ ವ್ಯೂ ಅವರ ಹತ್ತಿರ ವಯೋಲಾ ಕಲಿಯತೊಡಗಿದರು. ಅಷ್ಟರಲ್ಲಿ ಯುದ್ಧ. ವಾಪಸ್ ಬರಬೇಕಾಯಿತು. ಮುಂದೆ ಸುಮಾರು ಹತ್ತು ವರ್ಷ ಸ್ಟಾಕ್‌ಹೋಮ್‌ನ ಕನ್ಸರ್ಟ್ ಸೊಸೈಟಿ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುವ ಕೆಲಸ. ಇದೇ ಆರ್ಕೆಸ್ಟ್ರಾ ಮುಂದೆ ಸ್ಟಾಕ್‌ಹೋಮ್ ಫಿಲ್ಹಾರ್ಮೋನಿಕ್ ಆಯಿತು.

ಈ ಹತ್ತು ವರ್ಷವನ್ನು ಜನ ಸುಮ್ನೆ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ತುಂಬಾ ಮುಖ್ಯ ಅನ್ನಿಸುತ್ತದೆ. ಆರ್ಕೆಸ್ಟ್ರಾದ ಹೊಟ್ಟೆಯೊಳಗೇ ಕೂತು, ಪ್ರತಿ ವಾದ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಎಲ್ಲಿ ಮುಳುಗಿಹೋಗುತ್ತದೆ ಅಂತ ಕಿವಿಯಾರೆ ಕೇಳಿದವರು ಅವರು. ಅವರ ಸಿಂಫನಿಗಳಲ್ಲಿ ತಂತಿವಾದ್ಯದವರಿಗೆ ಪುರುಸೊತ್ತೇ ಇರುವುದಿಲ್ಲ. ಎಡೆಬಿಡದೆ ನುಡಿಸುತ್ತಲೇ ಇರಬೇಕು.

ಅದೇ ಹೊತ್ತಿನಲ್ಲಿ ಕಾರ್ಲ್-ಬಿರ್ಯರ್ ಬ್ಲೂಮ್‌ಡಾಲ್ ಅವರ ಹತ್ತಿರ ರಚನೆ ಕಲಿತರು. ಬ್ಲೂಮ್‌ಡಾಲ್ ಇವರಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಬಾಹ್ಯಾಕಾಶ ನೌಕೆಯ ಕಥೆಯಿರುವ ‘ಅನಿಯಾರಾ’ ಆಪೆರಾವನ್ನು 1959ರಲ್ಲಿ ರಂಗಕ್ಕೆ ತಂದವರು ಅವರೇ. ಆರ್ಕೆಸ್ಟ್ರಾ ನಡೆಸುವ ವಿದ್ಯೆಯನ್ನು ತೂರ್ ಮಾನ್ ಅವರಿಂದ ಕಲಿತರು. 1943ರಲ್ಲಿ ಗುಡ್ರುನ್ ಅವರೊಂದಿಗೆ ಮದುವೆಯಾಯಿತು. ಗುಡ್ರುನ್ ಫಿಸಿಯೋಥೆರಪಿಸ್ಟ್. ಪೆಟರ್ಸನ್ ಕೊನೆಯವರೆಗೂ ಕೆಲಸ ಮಾಡಲು ಸಾಧ್ಯವಾಗಿದ್ದರಲ್ಲಿ ಈ ಹೆಣ್ಣುಮಗಳ ಪಾಲು ಬಹಳ ದೊಡ್ಡದು.

‘ಬರಿಗಾಲ ಹಾಡುಗಳು’ ಅಂದರೇನು?

1943ರಿಂದ 1945ರ ನಡುವೆ ಬರೆದ 24 ಹಾಡುಗಳು. ಒಂದು ದನಿ, ಒಂದು ಪಿಯಾನೋ, ಅಷ್ಟೆ. ಪದಗಳೂ ಪೆಟರ್ಸನ್‌ರದ್ದೇ. ಒಂದೊಂದು ಹಾಡು ಎರಡು ಮೂರು ನಿಮಿಷದ್ದು. ಕೆಲವು ಅದಕ್ಕೂ ಚಿಕ್ಕವು.

ಕೇಳಿದರೆ ಜನಪದ ಗೀತೆಯೇನೋ ಅನ್ನಿಸುತ್ತದೆ. ಅದೇ ಧಾಟಿ ಪಲ್ಲವಿಯ ಹಾಗೆ ತಿರುಗಿ ತಿರುಗಿ ಬರುತ್ತದೆ. ಹಾಡಲು ಕಷ್ಟವೂ ಅಲ್ಲ. ಪದಗಳಲ್ಲಿ ಬಡ ಮಕ್ಕಳಿದ್ದಾರೆ, ತಾಯಿ ಇದ್ದಾಳೆ, ಹೂವಿದೆ, ನೊಣಗಳ ಗುಂಯ್‌ಗುಟ್ಟುವಿಕೆ ಇದೆ, ಹುಲ್ಲುಗಾವಲಿನಲ್ಲಿ ನಡೆದುಹೋಗುವ ದೇವರಿದ್ದಾನೆ. ಚಪ್ಪಲಿ ಇಲ್ಲದ ಹುಡುಗ ದಾರಿಯಲ್ಲಿ ಕಂಡದ್ದನ್ನೆಲ್ಲ ಹಾಡುತ್ತಾ ಹೋದ ಹಾಗೆ. ಎಲ್ಲೂ ಕೂಗಾಟವಿಲ್ಲ. ಆದರೆ ಪಿಯಾನೋ ಕಡೆ ಗಮನ ಕೊಡಿ. ದನಿ ನೆಮ್ಮದಿಯಾಗಿ ಹಾಡುತ್ತಿರುವಾಗಲೇ ಕೆಳಗೆ ಒಂದು ಸ್ವರ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಬೆಳಕಿರುವ ಕೋಣೆಯಲ್ಲಿ ಮೋಡದ ನೆರಳು ಹಾದುಹೋದಂತೆ. ಅರೆಕ್ಷಣ ಅಷ್ಟೆ, ಮತ್ತೆ ಸರಿಹೋಗುತ್ತದೆ.

ಪೆಟರ್ಸನ್ ಈ ಹಾಡುಗಳನ್ನು ಅಲ್ಲಿಗೇ ಬಿಡಲಿಲ್ಲ. ಮುಂದಿನ ಮೂವತ್ತು ವರ್ಷ ಇವು ಅವರ ಸಿಂಫನಿಗಳ ಒಳಗೆ ಮತ್ತೆ ಮತ್ತೆ ತಲೆ ಎತ್ತುತ್ತವೆ. ಹಾಗಾಗಿಯೇ ಇವನ್ನು ಬೀಗದ ಕೈ ಅಂದೆ. ಹಂಗೇರಿ ಮೂಲದ ಆರ್ಕೆಸ್ಟ್ರಾ ನಿರ್ದೇಶಕ ಅಂತಾಲ್ ದೊರಾತಿ ಇವುಗಳಲ್ಲಿ ಎಂಟು ಹಾಡುಗಳನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದ್ದಾರೆ.

ಮತ್ತೆ ಪ್ಯಾರಿಸ್‌ಗೆ ಹೋಗಿದ್ದು ಯಾಕೆ?

ರಚನೆಯನ್ನೇ ಪೂರ್ತಿಯಾಗಿ ಹಿಡಿಯಬೇಕು ಅಂತ. 1951ರಲ್ಲಿ, ನಲವತ್ತನೇ ವಯಸ್ಸಿನಲ್ಲಿ, ಮತ್ತೆ ವಿದ್ಯಾರ್ಥಿಯಾದರು. ಆರ್ತುರ್ ಹೋನೆಗರ್ ಮತ್ತು ರೆನೆ ಲೈಬೋವಿಟ್ಸ್ ಅನ್ನೋ ರಚನಕಾರರ ಹತ್ತಿರ ಕಲಿತರು. ಲೈಬೋವಿಟ್ಸ್ ಆಗ ಹನ್ನೆರಡು ಸ್ವರ ಪದ್ಧತಿಯ ದೊಡ್ಡ ಗುರು. ಸಪ್ತಕದ ಹನ್ನೆರಡು ಸ್ವರಸ್ಥಾನಗಳಲ್ಲಿ ಯಾವುದಕ್ಕೂ ಆಧಾರಸ್ವರದ ಪಟ್ಟ ಕೊಡದೆ, ಒಂದು ಗೊತ್ತಾದ ಸಾಲಿನಲ್ಲಿ ಜೋಡಿಸಿ ಸಂಗೀತ ಕಟ್ಟುವ ಕ್ರಮ ಅದು. ಪೆಟರ್ಸನ್ ಅದನ್ನು ಶ್ರದ್ಧೆಯಿಂದ ಕಲಿತರು. ತಮ್ಮ ಸಂಗೀತಕ್ಕೆ ಅದು ಬೇಡ ಅಂತ ಬಿಟ್ಟರು.

ಅದನ್ನೇ ಬಿಟ್ಟ ಮೇಲೆ ಅವರನ್ನು ಆಧುನಿಕರು ಅನ್ನೋದು ಹೇಗೆ?

ಒಳ್ಳೆ ಪ್ರಶ್ನೆ. ಆ ಕಾಲದ ಸ್ವೀಡನ್‌ನಲ್ಲೂ ಇದೇ ತಕರಾರಿತ್ತು. ಹೊಸ ಸಂಗೀತದವರಿಗೆ ಇವರು ಹಳಬರ ಹಾಗೆ ಕಂಡರು. ಹಳೆ ರುಚಿಯವರಿಗೆ ಇದು ತಡೆಯಲಾಗದ ಗದ್ದಲ ಅನ್ನಿಸಿತು. ಎರಡೂ ಕಡೆ ಅವರು ಹೊರಗಿನವರೇ ಆದರು.

ನನ್ನ ಅಭಿಪ್ರಾಯ ಹೀಗಿದೆ. ಅವರು ಆಧಾರಸ್ವರವನ್ನು ಪೂರ್ತಿ ಬಿಡಲಿಲ್ಲ, ಆದರೆ ಅದನ್ನು ಸುಲಭವಾಗಿ ಕೊಡಲೂ ಇಲ್ಲ. ಕರ್ಕಶ ಸ್ವರಗುಚ್ಛಗಳು ಒಂದರ ಮೇಲೊಂದು ಬೀಳುತ್ತಲೇ ಇರುತ್ತವೆ. ಅದರ ಅಡಿಯಲ್ಲಿ ಎಲ್ಲೋ ಒಂದು ಸಾದಾ ಮೈನರ್ ಸ್ವರಮೇಳ (ಒಟ್ಟಿಗೆ ನುಡಿಯುವ ಮೂರು ಸ್ವರಗಳ, ದುಃಖದ ಛಾಯೆಯ ಗುಚ್ಛ) ಉಸಿರಾಡುತ್ತಿರುತ್ತದೆ. ಅರ್ಧ ಗಂಟೆ ಕಾದ ಮೇಲೆ ಅದು ಮೇಲಕ್ಕೆ ಬಂದಾಗ, ನಾವು ಸಾವಿರ ಸಲ ಕೇಳಿದ ಅದೇ ಸ್ವರಮೇಳ ಹೊಸದಾಗಿ ಹುಟ್ಟಿದ ಹಾಗೆ ಕೇಳುತ್ತದೆ. ಇಂಥ ಕಟ್ಟಡವನ್ನು ಹತ್ತೊಂಬತ್ತನೇ ಶತಮಾನದವರು ಕಟ್ಟಲು ಸಾಧ್ಯವೇ ಇರಲಿಲ್ಲ. ಸಿಂಫನಿಗಳಿಗೆ ಹೆಸರಾದ ಮಾಲರ್, ಸಿಬೇಲಿಯಸ್, ಶೊಸ್ತಕೋವಿಚ್ ಇವರ ಹೆಸರುಗಳನ್ನು ಹೋಲಿಕೆಗೆ ತರುತ್ತಾರೆ. ಮೂವರ ನೆರಳೂ ಇದೆ, ನಿಜ. ಆದರೆ ಎರಡು ನಿಮಿಷ ಕೇಳಿದರೆ ಇದು ಪೆಟರ್ಸನ್ ಅಂತ ಗೊತ್ತಾಗಿಬಿಡುತ್ತದೆ.

ಸಿಂಫನಿಗಳ ಸಂಖ್ಯೆ ಎರಡರಿಂದ ಶುರುವಾಗುತ್ತದಲ್ಲ, ಮೊದಲನೆಯದು ಎಲ್ಲಿ?

1951ರಲ್ಲಿ ಶುರು ಮಾಡಿದರು, ಮುಗಿಸಲಿಲ್ಲ. ಆದರೆ ಒಂದು ಅನ್ನೋ ಸಂಖ್ಯೆಯನ್ನು ಅದಕ್ಕೇ ಬಿಟ್ಟರು. ಮುಂದಿನದಕ್ಕೆ ಎರಡು ಅಂತಲೇ ಹೆಸರಿಟ್ಟರು. ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ ಕ್ರಿಸ್ಟಿಯನ್ ಲಿಂಡ್‌ಬೆರ್ಯ್ ಆ ಹಸ್ತಪ್ರತಿಯನ್ನು ನುಡಿಸಲು ಬರುವಂತೆ ಸಿದ್ಧಪಡಿಸಿ, ನೋರ್‌ಶೋಪಿಂಗ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಧ್ವನಿಮುದ್ರಿಸಿದರು. ಲಿಂಡ್‌ಬೆರ್ಯ್ ಹೆಸರಾಂತ ಟ್ರಂಬೋನ್ ವಾದಕರು, ಆರ್ಕೆಸ್ಟ್ರಾವನ್ನೂ ನಡೆಸುತ್ತಾರೆ. ಕೊನೆಯಲ್ಲಿ 17ನೆಯದರ ಒಂದು ತುಣುಕೂ ಉಳಿದಿದೆ. ಹಾಗಾಗಿ ಪೂರ್ತಿಯಾದವು 2ರಿಂದ 16.

ಅವರಿಗೆ ಏನು ಕಾಯಿಲೆ ಇತ್ತು?

ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳೆಲ್ಲ ಊದಿಕೊಂಡು, ನೋವಾಗಿ, ನಿಧಾನಕ್ಕೆ ಸೊಟ್ಟಗಾಗುವ ವಾತರೋಗ. 1950ರ ದಶಕದ ಆರಂಭದಲ್ಲೇ ಶುರುವಾಯಿತು. ಪಿಟೀಲು, ವಯೋಲಾ ನುಡಿಸುವವರಿಗೆ ಬೆರಳೇ ಹೋದರೆ ಏನು ಉಳಿಯಿತು ಹೇಳಿ! ವಾದ್ಯ ಕೈಬಿಟ್ಟಿತು. 1960ರ ದಶಕಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಹಿಡಿಯುವುದೂ ಕಷ್ಟವಾಗತೊಡಗಿತು.

ಆರ್ಕೆಸ್ಟ್ರಾಕ್ಕೆ ಬರೆಯುವುದು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಒಂದೊಂದು ಪುಟದಲ್ಲಿ ಇಪ್ಪತ್ತು ಮೂವತ್ತು ಗೆರೆಸಾಲುಗಳು. ಕೊಳಲಿಗೆ ಒಂದು, ಕ್ಲಾರಿನೆಟ್‌ಗೆ ಒಂದು, ತುತ್ತೂರಿಗೆ ಒಂದು, ಡ್ರಮ್‌ಗೆ ಒಂದು, ತಂತಿವಾದ್ಯಗಳಿಗೆ ಐದು. ಒಂದೊಂದು ಸಾಲಲ್ಲೂ ಒಂದೊಂದು ಸ್ವರದ ಚುಕ್ಕೆಯನ್ನು ಕೈಯಲ್ಲೇ ಇಡಬೇಕು. ಅಂಥ ಪುಟಗಳು ನೂರಾರು. ಮಡಚಲಾಗದ ಬೆರಳುಗಳಿಂದ ಆ ಕೆಲಸವನ್ನು ಅವರು ದಶಕಗಟ್ಟಲೆ ಮಾಡಿದರು.

ಮನೆ ಇದ್ದಿದ್ದು ಸೋದರ್‌ಮಾಲ್ಮ್‌ನ ಬಾಸ್ಟುಗಾಟನ್ ಬೀದಿಯಲ್ಲಿ, ಮೇಲಿನ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಮೆಟ್ಟಿಲು ಇಳಿಯುವುದು ಆಗದೆ ಎಷ್ಟೋ ಕಾಲ ಅವರು ಮನೆಯೊಳಗೇ ಉಳಿಯಬೇಕಾಯಿತು.

ಹಾಗಾದರೆ ಇದೆಲ್ಲ ಒಬ್ಬ ರೋಗಿಯ ಗೋಳಾ?

ಇಲ್ಲ. ಈ ಮಾತು ಕೇಳಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಪೆಟರ್ಸನ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಬಡತನ, ಕಾಯಿಲೆ, ಏಕಾಂತ ಅಂತ ಕಥೆ ಹೇಳಿ, ಸಂಗೀತವನ್ನು ಆ ಕಥೆಯ ಕೊನೆಯಲ್ಲಿ ಅಂಟಿಸಿಬಿಡುತ್ತಾರೆ. ನಾನೂ ಈಗ ಅದನ್ನೇ ಸ್ವಲ್ಪ ಮಾಡಿದೆ, ಯಾಕೆಂದರೆ ಆ ಬದುಕನ್ನು ಮುಚ್ಚಿಡುವುದೂ ಸರಿಯಲ್ಲ. ಆದರೆ ನೋವಿದ್ದವರೆಲ್ಲ ಒಂದು ಗಂಟೆಯ ಸಿಂಫನಿಯನ್ನು ಒಂದೇ ಉಸಿರಿನಲ್ಲಿ ನಿಲ್ಲಿಸಲಾರರು. ಅದಕ್ಕೆ ಕಸುಬು ಬೇಕು. ಯಾವ ರಾಗದ ತುಣುಕನ್ನು ಎಲ್ಲಿ ಬಿತ್ತಬೇಕು, ನಲವತ್ತು ನಿಮಿಷ ಆದ ಮೇಲೆ ಅದನ್ನು ಹೇಗೆ ಕೊಯ್ಯಬೇಕು ಅನ್ನೋ ಲೆಕ್ಕ ಬೇಕು. ಅವರಿಗೆ ಅದು ಇತ್ತು.

ಇನ್ನೊಂದು ವಿಷಯ. ‘ಬರಿಗಾಲ ಹಾಡುಗಳು’ ಬರೆದಿದ್ದು ಕಾಯಿಲೆ ಬರುವ ಮೊದಲು. ಬಲವಿಲ್ಲದವರ ಪರವಾದ ಕಾಳಜಿ ಆಗಲೇ ಅಲ್ಲಿತ್ತು. ತಾನು ರಚನಕಾರನಲ್ಲ, ಕೂಗುತ್ತಿರುವ ಒಂದು ದನಿ ಅನ್ನೋ ಅರ್ಥದ ಮಾತನ್ನು ಅವರು ಆಡಿದ್ದರು. ಆ ಕೂಗು ಸ್ವಂತ ಕೀಲುನೋವಿನದ್ದಲ್ಲ. ಸೋದರ್‌ಮಾಲ್ಮ್‌ನ ಆ ನೆಲಮಾಳಿಗೆಯಲ್ಲಿ ಯಾರ್ಯಾರ ಮಾತಿಗೆ ಬೆಲೆ ಇರಲಿಲ್ಲವೋ ಅವರೆಲ್ಲರದ್ದು.

ಎಲ್ಲರೂ ಏಳನೇ ಸಿಂಫನಿ, ಏಳನೇ ಸಿಂಫನಿ ಅಂತಾರೆ. ಅದರಲ್ಲಿ ಏನಿದೆ?

1966-67ರಲ್ಲಿ ಬರೆದದ್ದು. 1968ರ ಅಕ್ಟೋಬರ್ 13ರಂದು ಸ್ಟಾಕ್‌ಹೋಮ್‌ನಲ್ಲಿ ಅಂತಾಲ್ ದೊರಾತಿ ಮೊದಲ ಬಾರಿಗೆ ನುಡಿಸಿದರು. ಕೃತಿಯನ್ನು ಅವರಿಗೇ ಅರ್ಪಿಸಲಾಗಿದೆ. ಅವತ್ತಿನಿಂದ ಪೆಟರ್ಸನ್ ಬದುಕು ಬದಲಾಯಿತು. ವಯಸ್ಸು ಆಗಲೇ 57. ಅಲ್ಲಿವರೆಗೆ ಹೆಚ್ಚಿನ ಜನರಿಗೆ ಗೊತ್ತೇ ಇರದಿದ್ದ ರಚನಕಾರ, ಅಲ್ಲಿಂದಾಚೆ ಸ್ವೀಡನ್‌ನಲ್ಲಿ ಮನೆಮಾತಾದರು. ಮರುವರ್ಷ ಅದೇ ದೊರಾತಿಯವರ ಧ್ವನಿಮುದ್ರಣ ಬಂತು. ನೃತ್ಯ ಸಂಯೋಜಕಿ ಬಿರ್ಗಿಟ್ ಕುಲ್‌ಬೆರ್ಯ್ ಇದೇ ಸಂಗೀತಕ್ಕೆ ‘ರಪೋರ್ಟ್’ ಅನ್ನೋ ಬ್ಯಾಲೆ ಮಾಡಿದರು.

ಕೇಳುವುದು ಹೇಗೆ ಅಂತ ನನ್ನ ಅನುಭವ ಹೇಳುತ್ತೇನೆ. ನಲವತ್ತು ನಿಮಿಷ ದಾಟುವ ಕೃತಿ, ಮಧ್ಯೆ ಎಲ್ಲೂ ಬಿಡುವಿಲ್ಲ. ಶುರುವಾಗುವುದು ಮೆಲ್ಲಗೆ, ಕೆಳಗಿನ ಸ್ಥಾಯಿಯಲ್ಲಿ. ಕತ್ತಲೆಯಲ್ಲಿ ಯಾರೋ ಗೋಡೆ ತಡವಿಕೊಂಡು ಹೆಜ್ಜೆ ಇಡುತ್ತಿರುವ ಹಾಗೆ. ಸ್ವಲ್ಪ ಹೊತ್ತಿಗೆ ದಪ್ಪ ದನಿಯ ಹಿತ್ತಾಳೆ ವಾದ್ಯಗಳು ಒಂದು ಚಿಕ್ಕ, ಭಾರವಾದ ತುಣುಕನ್ನು ನುಡಿಸುತ್ತವೆ. ಅದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಬಿಟ್ಟೂಬಿಡದೆ ಬರುತ್ತದೆ. ಆಮೇಲೆ ಏರು. ಸಂಗೀತ ಏರುತ್ತದೆ, ಇನ್ನು ಒಡೆಯುತ್ತದೆ ಅನ್ನಿಸುತ್ತದೆ, ಒಡೆಯುವುದಿಲ್ಲ, ಮತ್ತೆ ಏರುತ್ತದೆ. ನಾನು ಮೊದಲ ಸಲ ಕೇಳಿದಾಗ ಈ ಹಂತದಲ್ಲಿ ಹೆಡ್‌ಫೋನ್ ತೆಗೆದಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಮೈ ಬಿಗಿಯಾಗಿತ್ತು.

ಅರ್ಧ ದಾಟಿದ ಮೇಲೆ ಆ ಬಿರುಗಾಳಿ ತನ್ನಷ್ಟಕ್ಕೆ ತಾನೇ ಸೋತು ನಿಲ್ಲುತ್ತದೆ. ಆಗ ತಂತಿವಾದ್ಯಗಳು ಹಾಡಲು ಶುರು ಮಾಡುತ್ತವೆ. ಉದ್ದನೆಯ, ನಿಧಾನವಾದ, ಪ್ರಾರ್ಥನೆಯಂಥ ಧಾಟಿ. ಯಾವ ಅವಸರವೂ ಇಲ್ಲ. ಅಳುತ್ತಿದ್ದ ಮಗು ಬಿಕ್ಕಿ ಬಿಕ್ಕಿ ಸುಮ್ಮನಾಗಿ ತಾಯಿ ಹೆಗಲ ಮೇಲೆ ತಲೆ ಇಟ್ಟ ಹಾಗೆ. ಅದೂ ಶಾಶ್ವತವಲ್ಲ, ಆತಂಕ ಮತ್ತೆ ಹಣಕುತ್ತದೆ. ಕೊನೆ ಬಹಳ ಮೆತ್ತಗೆ. ಬಿ ಮೈನರ್‌ನಲ್ಲಿ ಸದ್ದು ಕರಗುತ್ತಾ ಹೋಗುತ್ತದೆ. ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಏಳುವುದಕ್ಕೆ ಆಗುವುದಿಲ್ಲ.

ಆ ಹಾಡನ್ನು ಮಾತ್ರ ಕತ್ತರಿಸಿ ಕೇಳಬಹುದಲ್ವಾ ಅಂತ ಒಬ್ಬರು ಕೇಳಿದ್ದರು. ಕೇಳಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ಅದು ಬೇರೆ ವಸ್ತು. ಅಷ್ಟು ದೂರ ನಡೆದು ಬಂದವರಿಗೆ ಸಿಗುವ ನೀರಿನ ರುಚಿ, ಮನೆಯಲ್ಲಿ ಕೂತು ಕುಡಿದವರಿಗೆ ಸಿಗುವುದಿಲ್ಲ.

ಯಾಕೆ ಇಷ್ಟು ಉದ್ದ? ಯಾಕೆ ಬಿಡುವೇ ಇಲ್ಲ?

ಸಾಮಾನ್ಯವಾಗಿ ಸಿಂಫನಿ ಅಂದರೆ ನಾಲ್ಕು ಭಾಗ. ಒಂದು ಮುಗಿದ ಮೇಲೆ ಜನ ಕೆಮ್ಮುತ್ತಾರೆ, ಸರಿಯಾಗಿ ಕೂರುತ್ತಾರೆ, ಮುಂದಿನದು ಶುರು. ಪೆಟರ್ಸನ್‌ರ ಬಹುಪಾಲು ಸಿಂಫನಿಗಳು ಒಂದೇ ಭಾಗದವು. ಆರನೆಯದು ಸುಮಾರು ಒಂದು ಗಂಟೆ. ಒಂಬತ್ತನೆಯದು ಅದಕ್ಕಿಂತಲೂ ಉದ್ದ. ಗೋಳನ್ನು ಹೇಳಿಕೊಳ್ಳುವವರು ಮಧ್ಯೆ ನಿಲ್ಲಿಸಿ ಚಪ್ಪಾಳೆಗೆ ಕಾಯುವುದಿಲ್ಲವಲ್ಲ, ಹಾಗೆ ಅಂದುಕೊಂಡರೆ ನನಗೆ ಅರ್ಥವಾಗುತ್ತದೆ. ಎಲ್ಲವೂ ಇಷ್ಟು ಉದ್ದ ಅಲ್ಲ. ಹತ್ತನೆಯದು, ಹನ್ನೊಂದನೆಯದು ಅರ್ಧ ಗಂಟೆಯೊಳಗೆ ಮುಗಿಯುತ್ತವೆ.

ಆರನೇ ಸಿಂಫನಿಯಲ್ಲಿ ಹಾಡೊಂದು ಅಡಗಿದೆಯಂತೆ, ಹೌದಾ?

ಹೌದು. ‘ಬರಿಗಾಲ ಹಾಡು’ಗಳಲ್ಲಿ ಒಂದರ ಶೀರ್ಷಿಕೆಯ ಅರ್ಥ ‘ಅವನು ನನ್ನ ಲಾಟೀನು ಆರಿಸುತ್ತಾನೆ’ ಅಂತ. ಆ ಧಾಟಿ ಆರನೇ ಸಿಂಫನಿಯ ಎರಡನೇ ಅರ್ಧದಲ್ಲಿ ಬರುತ್ತದೆ. ಮೊದಲರ್ಧದ ಹೋರಾಟವೆಲ್ಲ ಮುಗಿದು, ಉಳಿದಿದ್ದೆಲ್ಲ ಒಂದು ನಿಧಾನದ ಇಳಿಜಾರು. ಏಳನೆಯದಕ್ಕೆ ಎಲ್ಲರೂ ಮರುಳಾಗುತ್ತಾರೆ. ನನಗೆ ಕೇಳಿದರೆ ಆರನೆಯದು ಅದಕ್ಕಿಂತ ಆಳದ್ದು. ಇದು 1963ರಿಂದ 1966ರವರೆಗೆ ಬರೆದದ್ದು. ಇದರ ಮೊದಲ ಪ್ರದರ್ಶನವೂ 1968ರಲ್ಲೇ.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

1964ರಲ್ಲಿ ಸ್ವೀಡನ್ ಸರ್ಕಾರ ಅವರಿಗೆ ಜೀವನಪೂರ್ತಿ ಕಲಾವಿದರ ವೇತನ ಕೊಡಲು ಶುರು ಮಾಡಿತು. 1979ರಲ್ಲಿ ಪ್ರೊಫೆಸರ್ ಅನ್ನೋ ಗೌರವ ಪದವಿ ಕೊಟ್ಟಿತು. ಏಳನೇ ಸಿಂಫನಿ ಹೆಸರು ಮಾಡುವುದಕ್ಕೂ ನಾಲ್ಕು ವರ್ಷ ಮೊದಲೇ ಆ ವೇತನ ಬಂತು ಅನ್ನೋದನ್ನು ಗಮನಿಸಿ. ಅದಿಲ್ಲದಿದ್ದರೆ ಈ ಕೃತಿಗಳಲ್ಲಿ ಎಷ್ಟು ಹುಟ್ಟುತ್ತಿದ್ದವೋ!

ಆಸ್ಪತ್ರೆಯಲ್ಲಿ ಬರೆದ ಸಿಂಫನಿಗಳು ಯಾವುವು?

ಹತ್ತು ಮತ್ತು ಹನ್ನೊಂದು. 1970ರಲ್ಲಿ ಒಂಬತ್ತನೆಯದು ಮುಗಿಯಿತು. ಅದೇ ವರ್ಷ ಮೂತ್ರಪಿಂಡದ ಕಾಯಿಲೆ ಬಂದು ಒಂಬತ್ತು ತಿಂಗಳು ಆಸ್ಪತ್ರೆಯಲ್ಲಿದ್ದರು. ಸಾವಿನ ಹತ್ತಿರಕ್ಕೆ ಹೋಗಿ ಬಂದರು. ಈ ಎರಡು ಸಿಂಫನಿಗಳ ಮೊದಲ ಕರಡು ಅಲ್ಲೇ ಮೂಡಿತು. ಹತ್ತನೆಯದು 1972ರಲ್ಲಿ, ಹನ್ನೊಂದನೆಯದು 1973ರಲ್ಲಿ ಪೂರ್ತಿಯಾದವು. ಹತ್ತನೆಯದರಲ್ಲಿ ಮೊದಲ ಕ್ಷಣದಿಂದಲೇ ಒಂದು ಥರದ ಓಟ. ಹಾಸಿಗೆ ಹಿಡಿದವರು ಬರೆದದ್ದು ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ಹನ್ನೆರಡನೆಯದರಲ್ಲಿ ಹಾಡುವವರೂ ಇದ್ದಾರಲ್ಲ?

ಇದ್ದಾರೆ, ದೊಡ್ಡ ಮೇಳ. ಅವರ ಸಿಂಫನಿಗಳಲ್ಲಿ ಮಾತು ಬರುವುದು ಇದೊಂದರಲ್ಲೇ. ಹೆಸರು ‘ಚೌಕದಲ್ಲಿ ಸತ್ತವರು’. ಪದಗಳು ಚಿಲಿ ದೇಶದ ಕವಿ ಪಾಬ್ಲೋ ನೆರೂಡಾ ಅವರದು, ‘ಕಾಂತೋ ಹೆನೆರಾಲ್’ ಕಾವ್ಯದಿಂದ ತೆಗೆದದ್ದು, ಸ್ವೀಡಿಷ್ ಅನುವಾದದಲ್ಲಿ. 1946ರ ಜನವರಿ 28ರಂದು ಸಾಂತಿಯಾಗೋದ ಚೌಕವೊಂದರಲ್ಲಿ ಸೇರಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಸತ್ತವರನ್ನು ಕುರಿತ ಕವಿತೆ ಅದು. ಪೆಟರ್ಸನ್ ಇದನ್ನು 1973-74ರಲ್ಲಿ ಬರೆದರು. 1973ರ ಸೆಪ್ಟೆಂಬರ್‌ನಲ್ಲೇ ಚಿಲಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಕೆಲವೇ ದಿನಗಳಲ್ಲಿ ನೆರೂಡಾ ತೀರಿಕೊಂಡರು. ಹಳೇ ಕವಿತೆ ಅವತ್ತಿನ ಸುದ್ದಿಯೇ ಆಗಿಹೋಯಿತು. ಉಪ್ಸಾಲಾ ವಿಶ್ವವಿದ್ಯಾಲಯದ ಐನೂರನೇ ವರ್ಷದ ಹಬ್ಬಕ್ಕೆ ಅಂತ ಕೇಳಿ ಬರೆಸಿದ ಕೃತಿ ಇದು, 1977ರಲ್ಲಿ ಮೊದಲು ಹಾಡಿದರು. ಹಬ್ಬಕ್ಕೆ ಮಂಗಳಗೀತೆ ಕೊಡುವ ಬದಲು ಸತ್ತ ಕಾರ್ಮಿಕರ ಹೆಸರೆತ್ತಿದ ಆ ಧೈರ್ಯಕ್ಕೆ ನನ್ನ ನಮಸ್ಕಾರ.

ಆರ್ಕೆಸ್ಟ್ರಾ ಜೊತೆ ಜಗಳವಾಗಿತ್ತಂತೆ?

ಆಗಿತ್ತು. 1975ರಲ್ಲಿ ಸ್ಟಾಕ್‌ಹೋಮ್ ಫಿಲ್ಹಾರ್ಮೋನಿಕ್ ತನ್ನ ಅಮೆರಿಕ ಪ್ರವಾಸದ ಕಾರ್ಯಕ್ರಮದಿಂದ ಏಳನೇ ಸಿಂಫನಿಯನ್ನು ಕೈಬಿಟ್ಟಿತು. ಪೆಟರ್ಸನ್‌ಗೆ ತಡೆಯಲಾರದ ಸಿಟ್ಟು ಬಂತು. ಇನ್ನು ಮುಂದೆ ನನ್ನ ಯಾವ ಕೃತಿಯನ್ನೂ ನೀವು ನುಡಿಸಕೂಡದು ಅಂತ ನಿಷೇಧ ಹಾಕಿದರು. ಮರುವರ್ಷ ಹಿಂತೆಗೆದುಕೊಂಡರು. ಒಂದು ಕಾಲಕ್ಕೆ ತಾವೇ ಕೂತು ನುಡಿಸಿದ್ದ ಆರ್ಕೆಸ್ಟ್ರಾ ಅದು. ನೋವು ಎಷ್ಟಿರಬಹುದು ಅಂತ ಊಹಿಸಬಹುದು, ಅಲ್ವಾ?

ಪಿಟೀಲಿಗೆ ಏನಾದರೂ ಬರೆದಿದ್ದಾರಾ?

ಬರೆದಿದ್ದಾರೆ. 1949ರಲ್ಲಿ ಪಿಟೀಲು ಮತ್ತು ನಾಲ್ಕು ತಂತಿವಾದ್ಯಗಳ ಗುಂಪಿಗೆ ಒಂದು ಕಾನ್ಸರ್ಟೊ (ಸಾಮಾನ್ಯವಾಗಿ ಒಂದು ವಾದ್ಯವನ್ನು ಮುಂದೆ ನಿಲ್ಲಿಸಿ, ಉಳಿದವು ಜೊತೆಗೂಡುವ ಕೃತಿ), 1951ರಲ್ಲಿ ಎರಡು ಪಿಟೀಲುಗಳಿಗೆ ಏಳು ಸೊನಾಟಾಗಳು, ಅಂದರೆ ಒಂದೆರಡು ವಾದ್ಯಗಳಿಗಷ್ಟೇ ಬರೆದ ಕೃತಿಗಳು. ಆದರೆ ಕೇಳಲೇಬೇಕಾದದ್ದು 1977ರ ಎರಡನೇ ಪಿಟೀಲು ಕಾನ್ಸರ್ಟೊ. 1980ರ ಜನವರಿಯಲ್ಲಿ ಇಡಾ ಹೆಂಡೆಲ್ ಇದನ್ನು ಮೊದಲು ನುಡಿಸಿದರು. ಸ್ವೀಡಿಷ್ ರೇಡಿಯೋ ಆರ್ಕೆಸ್ಟ್ರಾವನ್ನು ನಡೆಸಿದ್ದು ಹೆರ್ಬರ್ಟ್ ಬ್ಲೂಮ್‌ಸ್ಟೆಡ್. ಪೆಟರ್ಸನ್ ಸಾಯುವುದಕ್ಕೆ ಆರು ತಿಂಗಳೂ ಇರಲಿಲ್ಲ.

ಸಾಮಾನ್ಯವಾಗಿ ಕಾನ್ಸರ್ಟೊದಲ್ಲಿ ಮುಖ್ಯ ವಾದಕರು ಮೆರೆಯುತ್ತಾರೆ, ಆರ್ಕೆಸ್ಟ್ರಾ ದಾರಿ ಬಿಡುತ್ತದೆ. ಇಲ್ಲಿ ಹಾಗಿಲ್ಲ. ಪಿಟೀಲು ಮುಕ್ಕಾಲು ಗಂಟೆಗೂ ಜಾಸ್ತಿ, ಹೆಚ್ಚುಕಡಿಮೆ ನಿಲ್ಲದೆ ನುಡಿಯುತ್ತಿರುತ್ತದೆ. ಸುತ್ತ ಆರ್ಕೆಸ್ಟ್ರಾ ಪ್ರವಾಹದ ಹಾಗೆ ನುಗ್ಗುತ್ತದೆ. ಎಷ್ಟೋ ಕಡೆ ಪಿಟೀಲು ಮುಳುಗಿಯೇ ಹೋಯಿತು ಅನ್ನಿಸುತ್ತದೆ. ಕಿವಿ ಕೊಟ್ಟು ಹುಡುಕಿದರೆ ಅಲ್ಲೇ ಇರುತ್ತದೆ, ಕೈ ಬಡಿಯುತ್ತಾ, ಈಜುತ್ತಾ. ಕೊನೆಯ ಕಡೆಗೆ ‘ಬರಿಗಾಲ ಹಾಡು’ಗಳಿಂದ ದೇವರು ಹುಲ್ಲುಗಾವಲಿನಲ್ಲಿ ನಡೆಯುವ ಆ ಹಾಡು ಬರುತ್ತದೆ. ಮೂವತ್ತು ವರ್ಷದ ಹಿಂದೆ ಬರೆದ ಎರಡು ನಿಮಿಷದ ಧಾಟಿ. ಇಡೀ ಕಾನ್ಸರ್ಟೊ ಅದರ ತುಣುಕುಗಳಿಂದಲೇ ಕಟ್ಟಿದ್ದು ಅಂತ ಆಗ ಹೊಳೆಯುತ್ತದೆ. ಮೊದಲು ಹಾಡು ಕೇಳಿ, ಆಮೇಲೆ ಇದನ್ನು ಕೇಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನನಗೆ ಈ ಸಂಗೀತದ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ನಾಲ್ಕೈದು ‘ಬರಿಗಾಲ ಹಾಡುಗಳು’. ಒಂದು ವಾರ ಅವನ್ನೇ ಕೇಳಿ, ಧಾಟಿ ಬಾಯಿಗೆ ಬರಲಿ. ಆಮೇಲೆ ಏಳನೇ ಸಿಂಫನಿ. ಅಲ್ಲಿಂದ ಎಂಟನೆಯದಕ್ಕೆ ಹೋಗಿ. ಅದು ಎರಡು ಭಾಗದ್ದು, ಉಸಿರಾಡಲು ಸ್ವಲ್ಪ ಜಾಗವಿದೆ. ತಂತಿವಾದ್ಯಗಳ ಮೂರನೇ ಕಾನ್ಸರ್ಟೊದಲ್ಲಿ ‘ಮೆಸ್ಟೊ’ ಅನ್ನೋ ನಿಧಾನದ ಭಾಗವಿದೆ, ಅದನ್ನು ಒಂದೇ ಕೇಳಿದರೂ ಆಗುತ್ತದೆ. ಒಂಬತ್ತು, ಹದಿಮೂರು ಇವಕ್ಕೆ ಮೊದಲೇ ಕೈ ಹಾಕಬೇಡಿ. ಮನೆಗೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿಕೊಳ್ಳುವ ಸಂಗೀತ ಇದಲ್ಲ. ಮನಸ್ಸು ತೀರಾ ಕುಗ್ಗಿರುವ ದಿನವೂ ಬೇಡ. ಒಂದು ರಾತ್ರಿ ಬಿಡುವು ಮಾಡಿಕೊಂಡು, ಫೋನ್ ದೂರ ಇಟ್ಟು ಕೂರಿ.

ಯಾವ ಧ್ವನಿಮುದ್ರಣ ಒಳ್ಳೆಯದು?

ಏಳನೆಯದಕ್ಕೆ ದೊರಾತಿ. ಹಳೆಯದು, ಆದರೂ ಆ ಬಿಸಿ ಬೇರೆಯವರಲ್ಲಿ ಇಲ್ಲ. ಎಂಟನೆಯದಕ್ಕೆ ಬಾಲ್ಟಿಮೋರ್ ಆರ್ಕೆಸ್ಟ್ರಾದ ಜೊತೆ ಸರ್ಜ್ಯು ಕೊಮಿಸಿಯೋನ ನಡೆಸಿದ್ದು. ಹನ್ನೆರಡನೆಯದಕ್ಕೆ ಮಾನ್‌ಫ್ರೆಡ್ ಹೋನೆಕ್. ಎಲ್ಲವನ್ನೂ ಒಟ್ಟಿಗೆ ಕೇಳುವವರಿಗೆ ಜರ್ಮನಿಯ ಸಿಪಿಓ ಕಂಪನಿಯ ಪೂರ್ತಿ ಸರಣಿ ಇದೆ. ಸ್ವೀಡನ್‌ನ ಬಿಐಎಸ್ ಕಂಪನಿಗೆ ಮೊದಲು ಲೈಫ್ ಸೆಗರ್‌ಸ್ಟಾಮ್, ಆಮೇಲೆ ಲಿಂಡ್‌ಬೆರ್ಯ್ ನುಡಿಸಿದವು ಇವೆ. ಲಿಂಡ್‌ಬೆರ್ಯ್ ಅವರದರಲ್ಲಿ ಒಳಗಿನ ಎಳೆಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಹೊಸಬರಿಗೆ ಅದು ತುಂಬಾ ಸಹಾಯ.

ಕೊನೆಯ ವರ್ಷಗಳಲ್ಲಿ ಏನು ಬರೆದರು?

ಕೈ ಅಷ್ಟು ಹಾಳಾಗಿದ್ದರೂ ಬರೆದದ್ದು ಕಡಿಮೆಯಿಲ್ಲ. 1976ರಲ್ಲಿ ಹದಿಮೂರನೆಯದು, 1978ರಲ್ಲಿ ಹದಿನಾಲ್ಕು ಮತ್ತು ಹದಿನೈದು. 1979ರಲ್ಲಿ ಹದಿನಾರನೆಯದು. ಇದರಲ್ಲಿ ಆರ್ಕೆಸ್ಟ್ರಾದ ಮುಂದೆ ಒಂದು ಆಲ್ಟೊ ಸ್ಯಾಕ್ಸೋಫೋನ್ ನಿಲ್ಲುತ್ತದೆ. ಅಮೆರಿಕದ ವಾದಕ ಫ್ರೆಡೆರಿಕ್ ಹೆಮ್ಕೆ ಅವರಿಗಾಗಿ ಬರೆದದ್ದು. ಅದನ್ನು ನುಡಿಸಿದಾಗ ಕೇಳಲು ಪೆಟರ್ಸನ್ ಇರಲಿಲ್ಲ.

ತಮ್ಮದೇ ವಾದ್ಯ ವಯೋಲಾಕ್ಕೆ ಏನೂ ಬರೆಯಲಿಲ್ವಾ?

ವಿದ್ಯಾರ್ಥಿಯಾಗಿದ್ದಾಗ, 1936ರಲ್ಲಿ, ಒಂಟಿ ವಯೋಲಾಕ್ಕೆ ಫ್ಯಾಂಟಸಿ ಅನ್ನೋ ಒಂದು ಪುಟ್ಟ, ಮುಕ್ತ ರೂಪದ ಕೃತಿ ಬರೆದಿದ್ದರು. ಆಮೇಲೆ ನಲವತ್ತು ವರ್ಷಕ್ಕೂ ಮೇಲೆ ಆ ವಾದ್ಯವನ್ನು ಮುಂದೆ ನಿಲ್ಲಿಸಿ ಏನೂ ಬರೆದ ಹಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ ಕಾಗದಗಳ ನಡುವೆ ಒಂದು ಸ್ವರಲಿಪಿ ಸಿಕ್ಕಿತು. ವಯೋಲಾ ಮತ್ತು ಆರ್ಕೆಸ್ಟ್ರಾಕ್ಕೆ ಒಂದು ಕಾನ್ಸರ್ಟೊ, 1979ರಲ್ಲಿ ಬರೆದದ್ದು.